ಮನೆಯ ಕಪಾಟಿನ ಪಿಸ್ತೂಲು ಮತ್ತು ನ್ಯಾಯಾಲಯದ ತೀರ್ಪು

ಭಾರತದ ನಾಗರಿಕನೊಬ್ಬ ತನ್ನ ಮನೆಯಲ್ಲಿ ಪಿಸ್ತೂಲನ್ನೋ ರಿವಾಲ್ವರನ್ನೋ ಇಟ್ಟುಕೊಳ್ಳಬಹುದೇ, ಇಟ್ಟುಕೊಳ್ಳಬಹುದಾದರೆ ಅದು ಯಾವ ಅಳತೆಯದಾಗಿರಬೇಕು, ಎಷ್ಟಿರಬೇಕು ಎಂಬ ಪ್ರಶ್ನೆಗಳಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯೂ ಅದರಡಿ ರಚಿತವಾದ 2016ರ ನಿಯಮಾವಳಿಯೂ ಉತ್ತರ ಹೇಳುತ್ತವೆ. ಆದರೆ ಕಾಯ್ದೆಯ ಮಾತುಗಳು ಅರ್ಜಿದಾರನ ಪಾಲಿಗೆ ಏನನ್ನು ಕೊಡುತ್ತವೆ, ಅಧಿಕಾರಿಯ ಕೈಯನ್ನು ಎಲ್ಲಿ ಹಿಡಿದು ನಿಲ್ಲಿಸುತ್ತವೆ ಎಂಬುದನ್ನು ಆರು ದಶಕಗಳಿಂದ ಖಚಿತಪಡಿಸುತ್ತ ಬಂದವು ನ್ಯಾಯಾಲಯಗಳೇ. ಕೊಡಗಿನ ಮನೆತನಗಳ ಕೋವಿಯಿಂದ ಹಿಡಿದು ಬೆಂಗಳೂರಿನ ಬಡಾವಣೆಯೊಂದರ ಬೀರುವಿನಲ್ಲಿರುವ ರಿವಾಲ್ವರ್‌ವರೆಗೆ ಎಲ್ಲವೂ ಇಂಥ ತೀರ್ಪುಗಳ ನೆರಳಿನಲ್ಲಿಯೇ ಇವೆ.

ದಕ್ಷಿಣ ಬೆಂಗಳೂರಿನ ತ್ಯಾಗರಾಜನಗರದಂಥ ಹಳೆಯ ವಸತಿ ಪ್ರದೇಶಕ್ಕೆ ಈ ವಿಷಯ ದೂರದ್ದೆಂದು ತೋರಬಹುದು. ಆದರೆ ಸುತ್ತಲಿನ ಬಸವನಗುಡಿ, ಜಯನಗರ, ಬನಶಂಕರಿಗಳಲ್ಲಿ ಚಿನ್ನ ಬೆಳ್ಳಿಯ ವ್ಯಾಪಾರಿಗಳಿದ್ದಾರೆ. ಸೇನೆ ಮತ್ತು ಪೊಲೀಸ್ ಸೇವೆಯಿಂದ ನಿವೃತ್ತರಾದವರಿದ್ದಾರೆ. ಮಲೆನಾಡು ಮತ್ತು ಕೊಡಗಿನಿಂದ ಬಂದು ನೆಲೆಸಿದ, ಊರಿನ ತೋಟದ ಮನೆಯಲ್ಲಿ ಇಂದಿಗೂ ಕೋವಿ ಇರಿಸಿಕೊಂಡ ಕುಟುಂಬಗಳಿವೆ. ಮಕ್ಕಳು ಹೊರದೇಶದಲ್ಲಿದ್ದು ತಾವಿಬ್ಬರೇ ಉಳಿದ ವೃದ್ಧ ದಂಪತಿಗಳಿದ್ದಾರೆ. ಇವರಲ್ಲಿ ಯಾರೇ ಆತ್ಮರಕ್ಷಣೆಗೆಂದು ಆಯುಧದ ಪರವಾನಗಿ ಬಯಸಿದರೂ ಅರ್ಜಿ ಹೋಗುವುದು ನಗರ ಪೊಲೀಸ್ ಆಯುಕ್ತರ ಕಚೇರಿಗೆ, ಏಕೆಂದರೆ ಪೊಲೀಸ್ ಕಮಿಷನರೇಟ್ ಇರುವ ನಗರಗಳಲ್ಲಿ ಪರವಾನಗಿ ಪ್ರಾಧಿಕಾರ ಆಯುಕ್ತರದು, ಉಳಿದ ಕಡೆ ಜಿಲ್ಲಾ ದಂಡಾಧಿಕಾರಿಯದು. ಆ ಕಚೇರಿಯ ಒಪ್ಪಿಗೆಯಾಗಲಿ ನಿರಾಕರಣೆಯಾಗಲಿ ಯಾವ ಆಧಾರದ ಮೇಲೆ ನಿಲ್ಲಬೇಕು ಎಂಬುದೇ ಈ ಇಡೀ ವಿಷಯದ ತಿರುಳು.

ಸಂವಿಧಾನ ಸಭೆಯಲ್ಲಿ ಬಿದ್ದುಹೋದ ತಿದ್ದುಪಡಿ

ವೈಸರಾಯ್ ಲಿಟ್ಟನ್ ಕಾಲದ 1878ರ ಶಸ್ತ್ರಾಸ್ತ್ರ ಕಾಯ್ದೆ ಭಾರತೀಯರ ಮೇಲೆ ಪರವಾನಗಿಯ ಹೊರೆ ಹೊರಿಸಿ ಯುರೋಪಿಯನ್ನರಿಗೆ ವಿನಾಯಿತಿ ನೀಡಿದ್ದರಿಂದ, ಅದು ಕೇವಲ ಸುರಕ್ಷತೆಯ ಕಾನೂನಾಗಿ ಉಳಿಯದೆ ಜನಾಂಗಭೇದದ ಗುರುತಾಗಿ ಸ್ವಾತಂತ್ರ್ಯ ಹೋರಾಟಗಾರರನ್ನು ಕೆರಳಿಸಿತ್ತು. 1931ರಲ್ಲಿ ಕಾಂಗ್ರೆಸ್ ಕರಾಚಿ ಅಧಿವೇಶನದಲ್ಲಿ ಒಪ್ಪಿದ ಮೂಲಭೂತ ಹಕ್ಕುಗಳ ನಿರ್ಣಯದಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧ ಹೊಂದುವ ಹಕ್ಕೂ ಸೇರಿದ್ದುದಕ್ಕೆ ಆ ಅಪಮಾನದ ನೆನಪೇ ಕಾರಣ. ಈ ಮಾತನ್ನು ಸಂವಿಧಾನ ಸಭೆಯಲ್ಲಿ ಮತ್ತೆ ಎತ್ತಿದವರು ಮಂಗಳೂರಿನಲ್ಲಿ ಹುಟ್ಟಿದ ಹರಿ ವಿಷ್ಣು ಕಾಮತ್. ನಾಗರಿಕ ಸ್ವಾತಂತ್ರ್ಯಗಳನ್ನು ಪಟ್ಟಿಮಾಡುವ, ಇಂದು 19ನೆಯ ವಿಧಿ ಎಂದು ತಿಳಿದಿರುವ ಅನುಚ್ಛೇದಕ್ಕೆ ಆಯುಧ ಹೊಂದುವ ಹಕ್ಕನ್ನೂ ಸೇರಿಸಬೇಕೆಂದು ಅವರು 1948ರ ಡಿಸೆಂಬರ್‌ನಲ್ಲಿ ತಿದ್ದುಪಡಿ ಮಂಡಿಸಿದರು. ಅದನ್ನು ಮೂಲಭೂತ ಹಕ್ಕೆಂದು ಬರೆದುಬಿಟ್ಟರೆ ಆಯುಧ ಹಿಡಿಯಲು ತಕ್ಕವರಲ್ಲದವರೂ ಅದೇ ಹಕ್ಕನ್ನು ಮುಂದಿಟ್ಟು ಕೇಳುವಂತಾಗುತ್ತದೆ ಎಂಬುದು ಡಾ. ಅಂಬೇಡ್ಕರ್ ಅವರ ಉತ್ತರದ ಸಾರವಾಗಿತ್ತು. ಸಭೆ ತಿದ್ದುಪಡಿಯನ್ನು ತಿರಸ್ಕರಿಸಿತು.

ಆ ನಿರ್ಧಾರದ ಫಲ ದೊಡ್ಡದು. 19ನೆಯ ವಿಧಿ ಜನರಿಗೆ ಸಭೆ ಸೇರುವ ಸ್ವಾತಂತ್ರ್ಯವನ್ನು ಕೊಡುವಾಗಲೂ ಶಾಂತಿಯುತವಾಗಿ, ಆಯುಧರಹಿತರಾಗಿ ಎಂಬ ಷರತ್ತನ್ನು ಜೊತೆಗಿಟ್ಟಿತು. ಆಯುಧದ ಪ್ರಶ್ನೆ ಸಂವಿಧಾನದ ಪುಟದಿಂದ ಶಾಸಕಾಂಗದ ಕೈಗೆ ಹೋಯಿತು. 1959ರ ಕಾಯ್ದೆ ಹಳೆಯ ಜನಾಂಗಭೇದವನ್ನು ಕಿತ್ತುಹಾಕಿ, ಆಸ್ತಿಯಿಲ್ಲ ಎಂಬ ಒಂದೇ ಕಾರಣಕ್ಕೆ ಪರವಾನಗಿ ನಿರಾಕರಿಸಬಾರದೆಂದು ಹೇಳಿ, ಬಡವನಿಗೂ ಬಲ್ಲಿದನಿಗೂ ಒಂದೇ ಅಳತೆಗೋಲನ್ನು ತಂದಿತು. ಆದರೂ ಆಯುಧವನ್ನು ಹಕ್ಕಿನ ಸಾಲಿಗೆ ಏರಿಸಲಿಲ್ಲ.

ಕೋವಿಗೊಂದು ನಿಯಮ, ಪಿಸ್ತೂಲಿಗೊಂದು

ಕಾಯ್ದೆಯ 13ನೆಯ ಪ್ರಕರಣದಲ್ಲಿ ಸಾಮಾನ್ಯ ಓದುಗರು ಗಮನಿಸದೆ ದಾಟಿಬಿಡಬಹುದಾದ ಒಂದು ಮಹತ್ವದ ಭೇದವಿದೆ. ಆತ್ಮರಕ್ಷಣೆಗೆ ಅಥವಾ ಕ್ರೀಡೆಗೆಂದು, ನಳಿಗೆಯ ಉದ್ದ 20 ಅಂಗುಲಕ್ಕೆ ಕಡಿಮೆಯಿಲ್ಲದ, ಒಳಮೈ ನುಣುಪಾಗಿರುವ ಬಂದೂಕನ್ನು ಕೇಳಿದವನಿಗೆ, ಹಾಗೆಯೇ ಬೆಳೆ ರಕ್ಷಣೆಗೆಂದು ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು ಕೇಳಿದ ರೈತನಿಗೆ, ಬೇರೆ ಅಡ್ಡಿಯಿಲ್ಲದಿದ್ದರೆ ಪ್ರಾಧಿಕಾರ ಪರವಾನಗಿ ನೀಡತಕ್ಕದ್ದು ಎಂದು ಕಾಯ್ದೆ ಹೇಳುತ್ತದೆ. ಆದರೆ ಒಂದೇ ಕೈಯಲ್ಲಿ ಹಿಡಿದು ಹಾರಿಸಬಹುದಾದ ಪಿಸ್ತೂಲು ಮತ್ತು ರಿವಾಲ್ವರ್‌ಗಳೆಂಬ ಕೈಬಂದೂಕುಗಳ ವಿಷಯದಲ್ಲಿ, ಅರ್ಜಿದಾರನಿಗೆ ಅದು ಬೇಕೆಂಬುದಕ್ಕೆ ಸಕಾರಣವಿದೆ ಎಂದು ಪ್ರಾಧಿಕಾರಕ್ಕೆ ಮನವರಿಕೆಯಾಗಬೇಕು. ಉದ್ದ ನಳಿಗೆಯ ಕೋವಿ ಎಲ್ಲರ ಕಣ್ಣಿಗೂ ಬೀಳುತ್ತದೆ, ಗುಟ್ಟಾಗಿ ಒಯ್ಯುವುದು ಕಷ್ಟ. ಜೇಬಿನಲ್ಲಿ ಅಡಗುವ ಆಯುಧಕ್ಕೆ ಆ ತಡೆಯಿಲ್ಲ. ಆದ್ದರಿಂದಲೇ ತೋಟದ ಕೋವಿಗಿಂತ ಪಿಸ್ತೂಲಿನ ಅರ್ಜಿ ಹೆಚ್ಚು ಬಿಗಿಯಾದ ಪರೀಕ್ಷೆಗೆ ಒಳಗಾಗುತ್ತದೆ.

ಎರಡನೆಯ ಭೇದ ನಳಿಗೆಯ ಒಳವ್ಯಾಸದ್ದು, ರೂಢಿಯ ಮಾತಿನಲ್ಲಿ ಬೋರ್‌ನದು. ಸೇನೆ ಮತ್ತು ಪೊಲೀಸ್ ಪಡೆಗಳು ಬಳಸುವ ಗುಂಡುಗಳನ್ನು ಹಾರಿಸಬಲ್ಲ 9 ಮಿ.ಮೀ., .380, .455 ಮುಂತಾದ ಬೋರ್‌ಗಳು ನಿರ್ಬಂಧಿತ ವರ್ಗಕ್ಕೆ ಸೇರಿವೆ. ಅವುಗಳ ಪರವಾನಗಿಯ ಅಧಿಕಾರ ಕೇಂದ್ರ ಗೃಹ ಸಚಿವಾಲಯದ ಕೈಯಲ್ಲಿದ್ದು, ಜೀವಕ್ಕೆ ಗಂಭೀರ ಅಪಾಯವಿರುವವರಂಥ ಕೆಲವೇ ಮಂದಿಗೆ ಅದು ದೊರೆಯುತ್ತದೆ. ಸಾಮಾನ್ಯ ನಾಗರಿಕನಿಗೆ ಉಳಿಯುವುದು ಹೆಚ್ಚಾಗಿ .32 ಮತ್ತು .22 ಬೋರ್‌ಗಳು. ಕಾನ್ಪುರದ ಸರ್ಕಾರಿ ಕಾರ್ಖಾನೆಗಳಿಂದ 2014ರಲ್ಲಿ ಮಾರುಕಟ್ಟೆಗೆ ಬಂದ ನಿರ್ಭೀಕ್ ರಿವಾಲ್ವರ್, 2023ರಲ್ಲಿ ಬಂದ ಪ್ರಬಲ್ ರಿವಾಲ್ವರ್ ಎರಡೂ .32 ಬೋರ್‌ನವೇ ಆಗಿರುವುದು ಈ ಕಾರಣದಿಂದ. ಸಂಖ್ಯೆಯ ಮಿತಿಯೂ ಕಾಲಕಾಲಕ್ಕೆ ಬಿಗಿಯಾಯಿತು: 1983ರ ತಿದ್ದುಪಡಿ ಒಬ್ಬರಿಗೆ ಮೂರು ಬಂದೂಕುಗಳ ಮಿತಿ ಹಾಕಿದರೆ, 2019ರ ತಿದ್ದುಪಡಿ ಅದನ್ನು ಎರಡಕ್ಕೆ ಇಳಿಸಿ, ಮೂರನೆಯದನ್ನು ಒಂದು ವರ್ಷದೊಳಗೆ ಪೊಲೀಸ್ ಠಾಣೆಗೋ ಅಧಿಕೃತ ಮಾರಾಟಗಾರನಿಗೋ ಒಪ್ಪಿಸಬೇಕೆಂದಿತು, ಪರವಾನಗಿಯ ಅವಧಿಯನ್ನು ಮಾತ್ರ ಮೂರು ವರ್ಷದಿಂದ ಐದಕ್ಕೆ ಏರಿಸಿತು. ಪರವಾನಗಿಯಿಲ್ಲದೆ ಬಂದೂಕು ಇರಿಸಿಕೊಂಡವರಿಗೆ ಇದ್ದ ಕನಿಷ್ಠ ಶಿಕ್ಷೆಯೂ ಅದೇ ತಿದ್ದುಪಡಿಯಿಂದ ಒಂದು ವರ್ಷದಿಂದ ಎರಡಕ್ಕೆ, ಗರಿಷ್ಠ ಶಿಕ್ಷೆ ಐದು ವರ್ಷಕ್ಕೆ ಏರಿತು.

ಹಕ್ಕೋ, ಅನುಮತಿಯೋ

ಸಕಾರಣ ಎಂಬ ಮಾತಿನ ವ್ಯಾಪ್ತಿ ಎಷ್ಟು ಎಂಬ ವಿವಾದ ದೇಶದಲ್ಲಿ ಅತಿ ಹೆಚ್ಚು ಬಾರಿ ಎದ್ದದ್ದು ಅಲಹಾಬಾದ್ ಹೈಕೋರ್ಟಿನಲ್ಲಿ. ಪರವಾನಗಿ ಎಂಬುದು ಸರ್ಕಾರ ನೀಡುವ ಅನುಮತಿಯೇ ಹೊರತು ಹಕ್ಕಲ್ಲ ಎಂಬ ನಿಲುವನ್ನು ಕೈಲಾಸನಾಥ ಪ್ರಕರಣದಲ್ಲಿ 1985ರ ಹೊತ್ತಿಗೆ ಅಲ್ಲಿನ ಪೂರ್ಣಪೀಠ ತಳೆದಿತ್ತು. ಪೂರ್ಣಪೀಠವೆಂದರೆ ಮೂವರು ಅಥವಾ ಹೆಚ್ಚು ನ್ಯಾಯಮೂರ್ತಿಗಳು ಸೇರಿ ಕಾನೂನಿನ ಪ್ರಶ್ನೆಯನ್ನು ಇತ್ಯರ್ಥಪಡಿಸುವ ಪೀಠ. ಆದರೆ 1993ರಲ್ಲಿ ವರದಿಯಾದ ಗಣೇಶಚಂದ್ರ ಭಟ್ ಪ್ರಕರಣದಲ್ಲಿ ನ್ಯಾಯಮೂರ್ತಿ ಮಾರ್ಕಂಡೇಯ ಕಾಟ್ಜು, ನಿರ್ಬಂಧಿತವಲ್ಲದ ಆಯುಧವನ್ನು ಹೊಂದುವುದು ಸಂವಿಧಾನದ 21ನೆಯ ವಿಧಿ ಕಾಪಾಡುವ ಜೀವಿಸುವ ಹಕ್ಕಿನಲ್ಲಿಯೇ ಅಡಗಿದೆ ಎಂದು ತೀರ್ಪಿತ್ತರು. ಪ್ರಾಣ ಉಳಿಸಿಕೊಳ್ಳುವ ಹಕ್ಕಿದ್ದರೆ ಅದರ ಸಾಧನವೂ ಇರಬೇಕು ಎಂಬ ಆ ವಾದದಲ್ಲಿ ಬಲವಿತ್ತು. ಆದರೂ ಅದೇ ಹೈಕೋರ್ಟಿನ ಪೂರ್ಣಪೀಠ ಮುಂದೆ ರಾಣಾ ಪ್ರತಾಪ್ ಸಿಂಗ್ ಪ್ರಕರಣದಲ್ಲಿ ಆ ನಿಲುವನ್ನು ಒಪ್ಪಲಿಲ್ಲ; ಪರವಾನಗಿ ಮತ್ತೆ ಅನುಮತಿಯ ಸ್ಥಾನಕ್ಕೆ ಮರಳಿತು.

ಸುಪ್ರೀಂ ಕೋರ್ಟ್ ಈ ದಿಕ್ಕನ್ನು 2023ರ ಫೆಬ್ರವರಿಯಲ್ಲಿ ಇನ್ನಷ್ಟು ಸ್ಪಷ್ಟಪಡಿಸಿತು. ಉತ್ತರ ಪ್ರದೇಶದ ಜಾಮೀನು ಪ್ರಕರಣವೊಂದರಲ್ಲಿ ಪರವಾನಗಿಯಿಲ್ಲದ ಬಂದೂಕು ಬಳಕೆಯಾದುದನ್ನು ಕಂಡ ನ್ಯಾಯಮೂರ್ತಿ ಕೆ.ಎಂ. ಜೋಸೆಫ್ ಮತ್ತು ಕರ್ನಾಟಕದವರಾದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರ ಪೀಠ, ಅಕ್ರಮ ಆಯುಧಗಳ ಹಾವಳಿಯನ್ನು ತಾನಾಗಿಯೇ ವಿಚಾರಣೆಗೆತ್ತಿಕೊಂಡಿತು. ಅಮೆರಿಕದಲ್ಲಿ ಆಯುಧ ಹೊಂದುವುದು ಸಂವಿಧಾನವೇ ಕೊಟ್ಟ ಹಕ್ಕು. ಭಾರತದ ಸಂವಿಧಾನ ನಿರ್ಮಾತೃಗಳು ಅಂಥ ಹಕ್ಕನ್ನು ಯಾರಿಗೂ ಕೊಟ್ಟಿಲ್ಲ ಎಂಬ ವ್ಯತ್ಯಾಸವನ್ನು ಪೀಠ ಎತ್ತಿ ತೋರಿಸಿತು. ಮುಕ್ಕಾಲು ಶತಮಾನದ ಹಿಂದೆ ಕಾಮತ್ ಅವರ ತಿದ್ದುಪಡಿ ಬಿದ್ದುಹೋದದ್ದರ ಅರ್ಥ ಇದೇ ಆಗಿತ್ತು.

ಇಷ್ಟರಿಂದ ಅಧಿಕಾರಿ ತನಗೆ ತೋಚಿದಂತೆ ಮಾಡಬಹುದು ಎಂದು ತಿಳಿದರೆ ಅದು ತಪ್ಪು. ನಿರಾಕರಣೆಗೆ ಕಾರಣಗಳನ್ನು ಲಿಖಿತವಾಗಿ ದಾಖಲಿಸಬೇಕೆಂದು ಕಾಯ್ದೆಯ 14ನೆಯ ಪ್ರಕರಣವೂ, ಅಮಾನತು ಮತ್ತು ರದ್ದತಿಗೆ ನಿರ್ದಿಷ್ಟ ಆಧಾರಗಳಿರಬೇಕೆಂದು 17ನೆಯದೂ, ಮೇಲ್ಮನವಿಗೆ ಅವಕಾಶವಿರಬೇಕೆಂದು 18ನೆಯದೂ ಹೇಳುತ್ತವೆ. 2016ರ ನಿಯಮಾವಳಿ ಪೊಲೀಸ್ ವರದಿಗೂ ಪ್ರಾಧಿಕಾರದ ತೀರ್ಮಾನಕ್ಕೂ ಕಾಲಮಿತಿ ಹಾಕಿದೆ. ಎಲ್ಲೋ ಒಂದು ಕ್ರಿಮಿನಲ್ ಪ್ರಕರಣ ಬಾಕಿಯಿದೆ ಎಂಬಷ್ಟಕ್ಕೇ ಪರವಾನಗಿ ಕಿತ್ತುಕೊಂಡ ಆದೇಶಗಳನ್ನು, ಸಾರ್ವಜನಿಕ ಶಾಂತಿಗೆ ಅದರಿಂದ ಹೇಗೆ ಧಕ್ಕೆ ಎಂಬುದನ್ನು ವಿವರಿಸದ ಆದೇಶಗಳನ್ನು ಹೈಕೋರ್ಟುಗಳು ರದ್ದುಪಡಿಸಿದ್ದುಂಟು. ಹೀಗೆ ಆಯುಧ ನಾಗರಿಕನ ಹಕ್ಕಾಗದಿದ್ದರೂ, ತನ್ನ ಅರ್ಜಿಯ ಮೇಲೆ ಕಾರಣಸಹಿತವಾದ ತೀರ್ಮಾನ ಪಡೆಯುವುದು ಅವನ ಹಕ್ಕಾಗಿದೆ.

ಕೊಡಗಿನ ವಿನಾಯಿತಿ ಮತ್ತು ಕರ್ನಾಟಕ ಹೈಕೋರ್ಟ್

ಪರವಾನಗಿಯ ಈ ವ್ಯವಸ್ಥೆಗೆ ದೇಶದಲ್ಲಿಯೇ ಅಪರೂಪವಾದ ಅಪವಾದ ಕರ್ನಾಟಕದಲ್ಲಿದೆ. ಕಾಯ್ದೆಯ 41ನೆಯ ಪ್ರಕರಣ, ಸಾರ್ವಜನಿಕ ಹಿತದೃಷ್ಟಿಯಿಂದ ಯಾವುದೇ ವರ್ಗದ ಜನರಿಗೆ ವಿನಾಯಿತಿ ನೀಡುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿದ್ದು, ಅದರಂತೆ ಕೊಡವರೂ ಕೊಡಗಿನ ಜಮ್ಮಾ ಹಿಡುವಳಿದಾರರೂ ಪರವಾನಗಿಯಿಲ್ಲದೆ ಬಂದೂಕು ಹೊಂದಬಹುದು. ಜಮ್ಮಾ ಎಂಬುದು ಹಾಲೇರಿ ಅರಸರ ಕಾಲದಿಂದ ಬಂದ, ಸೈನಿಕ ಸೇವೆಗೆ ಪ್ರತಿಯಾಗಿ ವಂಶಪಾರಂಪರ್ಯವಾಗಿ ದೊರೆತ ಭೂಹಿಡುವಳಿ. ಕೊಡವರಲ್ಲದ ಹಲವು ಸಮುದಾಯಗಳ ಕುಟುಂಬಗಳೂ ಅದನ್ನು ಹೊಂದಿವೆ. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕೊಡಗನ್ನು ವಶಪಡಿಸಿಕೊಂಡ ಬ್ರಿಟಿಷರು, 1857ರ ದಂಗೆಯ ನಂತರ ದೇಶದ ಜನರಿಂದ ಆಯುಧ ಕಸಿಯುತ್ತಿದ್ದ ಕಾಲದಲ್ಲಿಯೂ ಕೊಡವರನ್ನು ಆ ಕ್ರಮದಿಂದ ಹೊರಗಿಟ್ಟರು. ಆ ಘೋಷಣೆಯನ್ನು 1861ರ ಫೆಬ್ರವರಿಯಲ್ಲಿ ಹೊರಡಿಸಿದವನು, ಮೈಸೂರು ಮತ್ತು ಕೊಡಗುಗಳ ಆಡಳಿತದ ಹೊಣೆ ಹೊತ್ತಿದ್ದ ಕಮಿಷನರ್ ಮಾರ್ಕ್ ಕಬ್ಬನ್. ಅಂದಿನಿಂದ ಸರ್ಕಾರಗಳು ಬದಲಾಗಿ, ಕೊಡಗು 1956ರಲ್ಲಿ ಮೈಸೂರು ರಾಜ್ಯದಲ್ಲಿ ವಿಲೀನವಾದರೂ ವಿನಾಯಿತಿ ಮುಂದುವರಿದಿದೆ.

ಕೊಡಗಿನಲ್ಲಿ ಕೋವಿ ಆತ್ಮರಕ್ಷಣೆಯ ಸಾಧನಕ್ಕಿಂತ ಹೆಚ್ಚಿನದು. ಕೈಲ್ ಪೊಳ್ದ್ ಹಬ್ಬದಲ್ಲಿ ಅದಕ್ಕೆ ತೋಕ್ ಹೂವಿಟ್ಟು ಪೂಜೆ ಸಲ್ಲಿಸಲಾಗುತ್ತದೆ. ಪುತ್ತರಿಯಂದು ಕದಿರು ಕೊಯ್ಯುವಾಗ ಗುಂಡು ಹಾರುತ್ತದೆ. ಮನೆಯಲ್ಲಿ ಮಗು ಹುಟ್ಟಿದ್ದನ್ನೂ ಸಾವು ಸಂಭವಿಸಿದ್ದನ್ನೂ ಊರಿಗೆ ತಿಳಿಸಿದ್ದು ಕೋವಿಯ ಸದ್ದೇ. ಕಾಡಂಚಿನ ಕಾಫಿ ತೋಟಗಳಲ್ಲಿ ಒಂಟಿ ಮನೆಗಳು ಒಂದಕ್ಕೊಂದು ದೂರವಾಗಿ ಇರುವ ನಾಡಿನಲ್ಲಿ ಅದು ಬದುಕಿನ ಭಾಗವಾಗಿ ಬೆಳೆಯಿತು.

2019ರ ಅಕ್ಟೋಬರ್ 29ರಂದು ಕೇಂದ್ರ ಗೃಹ ಸಚಿವಾಲಯ ಈ ವಿನಾಯಿತಿಯನ್ನು 2029ರ ಅಕ್ಟೋಬರ್‌ವರೆಗೆ ವಿಸ್ತರಿಸಿ ಅಧಿಸೂಚನೆ ಹೊರಡಿಸಿದಾಗ, ಸೇನೆಯಿಂದ ನಿವೃತ್ತರಾದ ಕ್ಯಾಪ್ಟನ್ ಒಬ್ಬರು ಅದನ್ನು ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಮೂಲಕ ಕರ್ನಾಟಕ ಹೈಕೋರ್ಟಿನಲ್ಲಿ ಪ್ರಶ್ನಿಸಿದರು. ಜನಾಂಗದ ಮತ್ತು ಭೂಹಿಡುವಳಿಯ ಆಧಾರದ ಮೇಲೆ ಕೆಲವರಿಗೆ ಮಾತ್ರ ಸವಲತ್ತು ನೀಡುವುದು ಸಂವಿಧಾನದ 14ನೆಯ ವಿಧಿ ಸಾರುವ ಸಮಾನತೆಗೆ ವಿರುದ್ಧ ಎಂಬುದು ಅವರ ವಾದವಾಗಿತ್ತು. ಹಂಗಾಮಿ ಮುಖ್ಯ ನ್ಯಾಯಮೂರ್ತಿ ಸತೀಶ್‌ಚಂದ್ರ ಶರ್ಮ ಮತ್ತು ನ್ಯಾಯಮೂರ್ತಿ ಸಚಿನ್ ಶಂಕರ್ ಮಗದುಮ್ ಅವರ ಪೀಠ 2021ರ ಸೆಪ್ಟೆಂಬರ್ 22ರಂದು ಅರ್ಜಿಯನ್ನು ತಿರಸ್ಕರಿಸಿ ಅಧಿಸೂಚನೆಯನ್ನು ಎತ್ತಿಹಿಡಿಯಿತು. ಕೊಡವರು ಯೋಧ ಪರಂಪರೆಯ ಸಮುದಾಯವಾಗಿದ್ದು ಸ್ವಾತಂತ್ರ್ಯಪೂರ್ವದಿಂದಲೂ ಈ ವಿನಾಯಿತಿ ಪಡೆದುಬಂದಿದ್ದಾರೆ, ಜಮ್ಮಾ ಹಿಡುವಳಿದಾರರೂ ಹಾಗೆಯೇ. ವಿನಾಯಿತಿಯು ಅನಿರ್ದಿಷ್ಟ ಕಾಲದ್ದಲ್ಲ, ಹತ್ತು ವರ್ಷಗಳ ಮಿತಿಯದು ಮತ್ತು ಷರತ್ತುಗಳಿಗೆ ಒಳಪಟ್ಟದ್ದು ಎಂಬ ಕಾರಣಗಳನ್ನು ಪೀಠ ನೀಡಿತು.

ಈ ತೀರ್ಪನ್ನು ಕೊಡಗಿನಲ್ಲಿ ಗೆಲುವೆಂದು ಸ್ವಾಗತಿಸಿದ್ದು ಸಹಜ. ಆದರೆ ತೀರ್ಪಿನ ಒಳಗಣ ತರ್ಕವನ್ನು ಗಮನಿಸಿದರೆ, ಅದು ಕೊಡವರಿಗೂ ಮೂಲಭೂತ ಹಕ್ಕೊಂದನ್ನು ಘೋಷಿಸಿಲ್ಲ. ಸರ್ಕಾರ ನೀಡಿದ ವಿನಾಯಿತಿಗೆ ಇತಿಹಾಸದ ಆಧಾರವೂ ಕಾಲಮಿತಿಯೂ ಷರತ್ತೂ ಇರುವುದರಿಂದ ಆ ವರ್ಗೀಕರಣ ಸಮಂಜಸವಾಗಿದೆ ಎಂದಷ್ಟೇ ಹೇಳಿದೆ. ಸಮಂಜಸ ವರ್ಗೀಕರಣವೆಂದರೆ, ಒಂದು ಗುಂಪನ್ನು ಉಳಿದವರಿಂದ ಬೇರ್ಪಡಿಸುವುದಕ್ಕೆ ಅರ್ಥವಾಗುವಂಥ ವ್ಯತ್ಯಾಸವೊಂದಿದ್ದು, ಆ ವ್ಯತ್ಯಾಸಕ್ಕೂ ಕಾನೂನಿನ ಉದ್ದೇಶಕ್ಕೂ ಸಂಬಂಧವಿರಬೇಕೆಂಬ ತತ್ತ್ವ. ತ್ಯಾಗರಾಜನಗರದ ಅರ್ಜಿದಾರ ತನ್ನೊಬ್ಬನ ಸಲುವಾಗಿ ಕಾರಣ ತೋರಿಸಬೇಕಾದಂತೆಯೇ ಕೊಡಗಿನ ಪರವಾಗಿ ಸರ್ಕಾರ ಇಡೀ ಸಮುದಾಯದ ಕಾರಣವನ್ನು ತೋರಿಸಿತು, ನ್ಯಾಯಾಲಯ ಅದನ್ನು ತೂಗಿ ಒಪ್ಪಿತು. 2029ರಲ್ಲಿ ಅವಧಿ ಮುಗಿದಾಗ ಅದೇ ಕಾರಣಗಳನ್ನು ಮತ್ತೊಮ್ಮೆ ಮುಂದಿಡಬೇಕಾಗುತ್ತದೆ.

ಅಮೆರಿಕ ಹಿಡಿದ ದಾರಿ

ಅಮೆರಿಕದಲ್ಲಿ ನೆಲೆಸಿದ ಕನ್ನಡ ಕುಟುಂಬಗಳು ಕಾಣುವ ಕಾನೂನು ಇದಕ್ಕೆ ನೇರ ವಿರುದ್ಧವಾದ ನೆಲೆಯಿಂದ ಹೊರಡುತ್ತದೆ. ರಾಜಧಾನಿ ವಾಷಿಂಗ್ಟನ್ ನಗರ 1976ರಿಂದ ಕೈಬಂದೂಕುಗಳನ್ನು ಬಹುಮಟ್ಟಿಗೆ ನಿಷೇಧಿಸಿತ್ತು. 2008ರ ಜೂನ್ 26ರಂದು ಅಲ್ಲಿನ ಸುಪ್ರೀಂ ಕೋರ್ಟ್, ಹೆಲ್ಲರ್ ಪ್ರಕರಣವೆಂದು ಹೆಸರಾದ ತೀರ್ಪಿನಲ್ಲಿ ಐದು ಮತ್ತು ನಾಲ್ಕರ ಬಹುಮತದಿಂದ ಆ ನಿಷೇಧವನ್ನು ತೆಗೆದುಹಾಕಿ, ಮನೆಯಲ್ಲಿ ಆತ್ಮರಕ್ಷಣೆಗೆ ಕೈಬಂದೂಕು ಇಟ್ಟುಕೊಳ್ಳುವುದು ಸಂವಿಧಾನದ ಎರಡನೆಯ ತಿದ್ದುಪಡಿ ಕಾಪಾಡುವ ವ್ಯಕ್ತಿಗತ ಹಕ್ಕು ಎಂದಿತು. 2010ರಲ್ಲಿ ಷಿಕಾಗೋ ನಗರದ ಪ್ರಕರಣದಲ್ಲಿ ಅದೇ ತತ್ತ್ವ ರಾಜ್ಯಗಳಿಗೂ ನಗರಗಳಿಗೂ ಅನ್ವಯವಾಯಿತು. 2022ರ ಬ್ರೂಯೆನ್ ತೀರ್ಪು, ಮನೆಯ ಹೊರಗೆ ಆಯುಧ ಒಯ್ಯಲು ವಿಶೇಷ ಕಾರಣ ತೋರಿಸಬೇಕೆಂಬ ನ್ಯೂಯಾರ್ಕಿನ ಶತಮಾನದ ಹಳೆಯ ನಿಯಮವನ್ನು ರದ್ದುಪಡಿಸಿತು. ಭಾರತದ ಕಾಯ್ದೆ ಯಾವ ಸಕಾರಣದ ಮೇಲೆ ನಿಂತಿದೆಯೋ ಅಂಥದನ್ನೇ ಕೇಳುವ ಅಧಿಕಾರವನ್ನು ಅಲ್ಲಿನ ನ್ಯಾಯಾಲಯ ಸರ್ಕಾರದಿಂದ ಕಿತ್ತುಕೊಂಡಿತು.

ಅದರ ಪರಿಣಾಮ ಮನೆಯಲ್ಲಿ ಯಾವ ಮಾದರಿಯ ಪಿಸ್ತೂಲು ಇರಬಹುದೆಂಬ ಪ್ರಶ್ನೆಯವರೆಗೂ ಹಬ್ಬಿದೆ. ಕ್ಯಾಲಿಫೋರ್ನಿಯ ರಾಜ್ಯ, ಸುರಕ್ಷಿತವೆಂದು ಪರೀಕ್ಷಿಸಿದ ಮಾದರಿಗಳ ಪಟ್ಟಿಯೊಂದನ್ನು ಇಟ್ಟು, ಪಟ್ಟಿಯಲ್ಲಿಲ್ಲದ ಹೊಸ ಕೈಬಂದೂಕುಗಳನ್ನು ಅಂಗಡಿಯವರು ಸಾರ್ವಜನಿಕರಿಗೆ ಮಾರದಂತೆ ತಡೆಯುತ್ತ ಬಂದಿದೆ. ಒಳಗೆ ಗುಂಡಿದೆಯೆಂದು ತೋರಿಸುವ ಸೂಚಕ, ಮ್ಯಾಗಜೀನ್ ತೆಗೆದಾಗ ಗುಂಡು ಹಾರದಂತೆ ತಡೆಯುವ ವ್ಯವಸ್ಥೆ, ಹಾರಿದ ತೋಟೆಯ ಮೇಲೆ ಆಯುಧದ ಗುರುತು ಮೂಡಿಸುವ ತಂತ್ರ, ಈ ಮೂರು ಬೇಡಿಕೆಗಳು 2023ರ ಮಾರ್ಚ್‌ನಲ್ಲಿ ಅಲ್ಲಿನ ಫೆಡರಲ್ ಜಿಲ್ಲಾ ನ್ಯಾಯಾಲಯದ ತಡೆಯಾಜ್ಞೆಗೆ ಗುರಿಯಾಗಿ ಮೇಲ್ಮನವಿಯ ದಾರಿ ಹಿಡಿದವು. ಹಕ್ಕಿಗೂ ಅಲ್ಲಿ ಎಲ್ಲೆಯಿದೆ: ಕೌಟುಂಬಿಕ ಹಿಂಸೆಯ ಕಾರಣಕ್ಕೆ ನ್ಯಾಯಾಲಯದ ನಿರ್ಬಂಧಕ್ಕೆ ಒಳಗಾದವರಿಗೆ ಬಂದೂಕು ನಿಷೇಧಿಸುವ ಕಾನೂನನ್ನು 2024ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಎಂಟು ಮತ್ತು ಒಂದರ ಬಹುಮತದಿಂದ ಎತ್ತಿಹಿಡಿಯಿತು. ಅಮೆರಿಕದಲ್ಲಿ ಸರ್ಕಾರ ತನ್ನ ಪ್ರತಿಯೊಂದು ನಿರ್ಬಂಧಕ್ಕೂ ಸಮರ್ಥನೆ ಒದಗಿಸಬೇಕು. ಭಾರತದಲ್ಲಿ ನಾಗರಿಕ ತನ್ನ ಅಗತ್ಯಕ್ಕೆ ಮೊದಲು ಸಮರ್ಥನೆ ಒದಗಿಸಬೇಕು. ಜನಸಾಂದ್ರ ನಗರಗಳ, ಒಂದೇ ಗೋಡೆ ಹಂಚಿಕೊಂಡ ಮನೆಗಳ ಈ ದೇಶಕ್ಕೆ ಎರಡನೆಯ ದಾರಿಯೇ ಹೆಚ್ಚು ಕ್ಷೇಮಕರ.

ಸ್ವಾಧೀನ ಮತ್ತು ಆತ್ಮರಕ್ಷಣೆಯ ಎಲ್ಲೆ

ಪರವಾನಗಿಯ ಆಚೆಗೂ ಮನೆಯ ಆಯುಧದ ಬಗ್ಗೆ ಎರಡು ವಿಷಯಗಳನ್ನು ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಮೊದಲನೆಯದು ಸ್ವಾಧೀನದ ಅರ್ಥ. ರಿವಾಲ್ವರ್ ಒಂದಕ್ಕೆ ಸಂಬಂಧಿಸಿದ 1972ರ ಗುಣವಂತಲಾಲ್ ಪ್ರಕರಣದಲ್ಲಿ, ಆಯುಧ ಬೇರೊಬ್ಬರ ಕೈಯಲ್ಲಿದ್ದರೂ ಅದರ ಮೇಲೆ ಅರಿವುಪೂರ್ವಕ ಹತೋಟಿ ಇಟ್ಟುಕೊಂಡವನೂ ಸ್ವಾಧೀನ ಹೊಂದಿದವನೇ ಎಂದು ನ್ಯಾಯಾಲಯ ಹೇಳಿತು. ಅದೇ ತತ್ತ್ವದ ಮತ್ತೊಂದು ಮುಖವೆಂದರೆ, ಮನೆಯಲ್ಲಿ ಆಯುಧವಿರುವುದು ತಿಳಿಯದವರನ್ನು ಅದರ ಸ್ವಾಧೀನಕ್ಕಾಗಿ ಶಿಕ್ಷಿಸುವಂತಿಲ್ಲ. ಹಾಗೆಯೇ ಭಯವೊಂದೇ ಅಕ್ರಮ ಆಯುಧಕ್ಕೆ ಸಮರ್ಥನೆಯಾಗದು. ಮುಂಬಯಿ ಸ್ಫೋಟ ಪ್ರಕರಣಗಳ 2013ರ ಮಾರ್ಚ್ 21ರ ತೀರ್ಪಿನಲ್ಲಿ ನಟ ಸಂಜಯ್ ದತ್ ಅವರಿಗೆ ಐದು ವರ್ಷಗಳ ಶಿಕ್ಷೆ ಆದದ್ದು ಎಕೆ-56 ರೈಫಲ್ ಮತ್ತು 9 ಮಿ.ಮೀ. ಪಿಸ್ತೂಲನ್ನು ಅಕ್ರಮವಾಗಿ ಹೊಂದಿದ್ದಕ್ಕಾಗಿ. ಗಲಭೆಯ ದಿನಗಳಲ್ಲಿ ಕುಟುಂಬದ ರಕ್ಷಣೆಯ ಚಿಂತೆಯಿತ್ತು ಎಂಬ ಮಾತು ಅಪರಾಧವನ್ನು ಅಳಿಸಲಿಲ್ಲ.

ಎರಡನೆಯದು ಆಯುಧದ ಬಳಕೆ. ಸಕ್ರಮ ಪರವಾನಗಿ ಆಯುಧ ಇರಿಸಿಕೊಳ್ಳಲು ಅನುಮತಿಯೇ ಹೊರತು ಹಾರಿಸಲು ಅನುಮತಿಯಲ್ಲ. ಭಾರತೀಯ ದಂಡ ಸಂಹಿತೆಯಲ್ಲಿದ್ದು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೆಯ ಪ್ರಕರಣಗಳಲ್ಲಿ ಸೇರಿರುವ ಖಾಸಗಿ ರಕ್ಷಣೆಯ ಹಕ್ಕೇ ಅದರ ಎಲ್ಲೆಯನ್ನು ಗೊತ್ತುಪಡಿಸುತ್ತದೆ. 2010ರ ದರ್ಶನ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಆ ಹಕ್ಕಿನ ಸೂತ್ರಗಳನ್ನು ಒಟ್ಟುಗೂಡಿಸಿ, ಅಪಾಯ ನಿಜವೆಂದು ನಂಬಲು ಸಮಂಜಸ ಕಾರಣವಿರಬೇಕು, ಬಳಸಿದ ಬಲ ಅಗತ್ಯವನ್ನು ಮೀರಬಾರದು, ಅಪಾಯ ತೀರಿದ ಮೇಲೆ ಹಕ್ಕೂ ತೀರುತ್ತದೆ ಎಂದು ವಿವರಿಸಿತು. ಕಾನೂನು ಪಾಲಿಸುವವನು ದಾಳಿಯೆದುರು ಓಡಿಹೋಗಬೇಕಿಲ್ಲ ಎಂಬುದನ್ನೂ ಒಪ್ಪಿ, ಗುಂಡು ಹಾರಿಸಿದ ಆರೋಪಿಯನ್ನು ಖುಲಾಸೆಗೊಳಿಸಿತು. ಕಾಂಪೌಂಡು ಹಾರಿ ಓಡುತ್ತಿರುವ ಕಳ್ಳನ ಬೆನ್ನಿಗೆ ಗುಂಡು ಹಾರಿಸಿದವನಿಗೆ ಈ ರಕ್ಷಣೆ ದೊರೆಯುವುದು ಕಷ್ಟ.

ಚುನಾವಣೆಯ ಕಾಲದ ಠೇವಣಿ

ಕೊಡಗು, ದಕ್ಷಿಣ ಕನ್ನಡ, ಚಿಕ್ಕಮಗಳೂರು, ಶಿವಮೊಗ್ಗಗಳ ಬೆಳೆಗಾರರಿಗೆ ಆಯುಧ ಕಾನೂನು ಹತ್ತಿರದಿಂದ ತಟ್ಟುವುದು ಚುನಾವಣೆ ಘೋಷಣೆಯಾದಾಗ. ಪರವಾನಗಿಯುಳ್ಳ ಬಂದೂಕುಗಳನ್ನು ಠಾಣೆಯಲ್ಲಿ ಠೇವಣಿ ಇಡಬೇಕೆಂಬ ಆದೇಶ ಬರುವುದು ಆಗಲೇ. ಕಾಡುಹಂದಿ, ಕೋತಿಗಳ ಹಾವಳಿಯ ನಡುವೆ ತೋಟ ಬರಿಗೈಯಲ್ಲಿ ಉಳಿಯುವುದೂ ಆಗಲೇ. ಗೋವೆಯ ಪರವಾನಗಿದಾರರೊಬ್ಬರ ಅರ್ಜಿಯ ಮೇಲೆ ಬಾಂಬೆ ಹೈಕೋರ್ಟ್ 2009ರಲ್ಲಿ ನೀಡಿದ ತೀರ್ಪು, ಎಲ್ಲರಿಗೂ ಒಂದೇ ಆದೇಶ ಹೊರಡಿಸುವ ಬದಲು ಪ್ರತಿಯೊಬ್ಬರ ಹಿನ್ನೆಲೆಯನ್ನು ಪರಿಶೀಲಿಸುವ ದಾರಿ ತೋರಿಸಿತು. ಅದನ್ನನುಸರಿಸಿ ಚುನಾವಣಾ ಆಯೋಗ, ಜಿಲ್ಲಾ ದಂಡಾಧಿಕಾರಿ ಮತ್ತು ಪೊಲೀಸ್ ವರಿಷ್ಠಾಧಿಕಾರಿಗಳಿರುವ ಪರಿಶೀಲನಾ ಸಮಿತಿ, ಜಾಮೀನಿನ ಮೇಲೆ ಹೊರಗಿರುವವರು, ಅಪರಾಧ ಹಿನ್ನೆಲೆಯವರು, ಗಲಭೆಗಳಲ್ಲಿ ಭಾಗಿಯಾಗಿದ್ದವರು ಮುಂತಾದವರ ಪರವಾನಗಿಗಳನ್ನು ಗುರುತಿಸಬೇಕೆಂದು ಸೂಚಿಸಿತು. ನಿರಪರಾಧಿ ಬೆಳೆಗಾರನ ಕೋವಿಯನ್ನೂ ರೌಡಿಪಟ್ಟಿಯವನ ಪಿಸ್ತೂಲನ್ನೂ ಒಂದೇ ಸಾಲಿನಲ್ಲಿಡುವ ಆದೇಶ ಈ ತತ್ತ್ವಕ್ಕೆ ಹೊಂದುವುದಿಲ್ಲ.

ಪರವಾನಗಿಯ ಹೊರಗಿರುವ ಅಪಾಯ

2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿ, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನ ರಾಜರಾಜೇಶ್ವರಿ ನಗರದಲ್ಲಿ ಪತ್ರಕರ್ತೆ ಗೌರಿ ಲಂಕೇಶ್, ಇಬ್ಬರೂ ತಮ್ಮ ಮನೆಯ ಬಾಗಿಲಲ್ಲೇ ಗುಂಡಿಗೆ ಬಲಿಯಾದರು. ಎರಡೂ ಹತ್ಯೆಗಳಲ್ಲಿ 7.65 ಮಿ.ಮೀ. ನಾಡ ಪಿಸ್ತೂಲು ಬಳಕೆಯಾಗಿದೆ ಎಂಬುದು ತನಿಖೆಯ ನಿಲುವು. ಆ ಅಳತೆ ನಾಗರಿಕರಿಗೆ ಅನುಮತಿಯಿರುವ .32 ಬೋರ್‌ನದೇ, ಆದರೆ ನಾಡ ಪಿಸ್ತೂಲಿಗೆ ಪರವಾನಗಿಯಿಲ್ಲ, ನೋಂದಣಿ ಸಂಖ್ಯೆಯಿಲ್ಲ, ಯಾವ ಅಧಿಕಾರಿಯೂ ಅದರ ಮಾಲೀಕನನ್ನು ಪರೀಕ್ಷಿಸಿಲ್ಲ. ಪರವಾನಗಿದಾರರ ಮೇಲೆ ಎಷ್ಟೇ ಬಿಗಿಯಾದ ನಿಯಮ ಹೇರಿದರೂ ಕಳ್ಳ ಕಾರ್ಖಾನೆಗಳಲ್ಲಿ ತಯಾರಾಗುವ ಆಯುಧವನ್ನು ಅದು ಮುಟ್ಟುವುದಿಲ್ಲ. ಅಕ್ರಮ ಆಯುಧಗಳ ಬಗ್ಗೆ ಸುಪ್ರೀಂ ಕೋರ್ಟ್ 2023ರಲ್ಲಿ ತಾನಾಗಿಯೇ ವಿಚಾರಣೆ ಕೈಗೊಂಡಿದ್ದು ಸರಿಯಾದ ಜಾಗಕ್ಕೆ ಕೈಹಾಕಿದಂತಾಯಿತು. ಪೊಲೀಸ್ ವ್ಯವಸ್ಥೆಯ ಶ್ರಮದ ದೊಡ್ಡ ಪಾಲು ಅಲ್ಲಿಗೇ ಹೋಗಬೇಕಾಗಿದೆ.

ಮನೆಮಂದಿ ಮಾಡಬೇಕಾದದ್ದು

ಇಷ್ಟೆಲ್ಲ ತೀರ್ಪುಗಳನ್ನು ಒಟ್ಟಿಗೆ ನೋಡಿದಾಗ ಭಾರತದ ನ್ಯಾಯಾಲಯಗಳ ನಿಲುವಿನಲ್ಲಿ ಒಂದು ಸುಸಂಗತತೆ ಕಾಣುತ್ತದೆ. ಆಯುಧ ಬಯಸುವ ನಾಗರಿಕ ಕಾರಣ ಹೇಳಬೇಕು, ಅದನ್ನು ನಿರಾಕರಿಸುವ ಅಥವಾ ಕಿತ್ತುಕೊಳ್ಳುವ ಅಧಿಕಾರಿ ಕಾರಣ ಹೇಳಬೇಕು, ಒಂದು ಸಮುದಾಯಕ್ಕೆ ವಿನಾಯಿತಿ ನೀಡುವ ಸರ್ಕಾರವೂ ಕಾರಣ ಹೇಳಬೇಕು. ಈ ಸಮತೋಲ ಉಳಿಯಬೇಕಾದರೆ ಆಯುಕ್ತರ ಕಚೇರಿಯಿಂದ ಹೊರಡುವ ಪ್ರತಿಯೊಂದು ಆದೇಶವೂ ಅರ್ಜಿದಾರನಿಗೆ ಅರ್ಥವಾಗುವಂತೆ, ಸಾಧ್ಯವಾದರೆ ಕನ್ನಡದಲ್ಲಿ, ಕಾರಣಸಹಿತವಾಗಿ ಬರಬೇಕು. ಕೊಡಗಿನ ವಿನಾಯಿತಿಯ ಅವಧಿ ಮುಗಿಯುವ ಮೊದಲೇ ಸರ್ಕಾರ ಅದರ ಬಳಕೆಯನ್ನು ಪರಾಮರ್ಶಿಸಿ, ಮುಂದಿನ ವಿಸ್ತರಣೆಗೆ ಬೇಕಾದ ಆಧಾರವನ್ನು ಸಿದ್ಧಪಡಿಸಿಕೊಳ್ಳಬೇಕು.

ಹಳೆಯ ಬಡಾವಣೆಗಳ ಮನೆಗಳಿಗೆ ಇನ್ನೊಂದು ತುರ್ತಿನ ಮಾತಿದೆ. ತಂದೆಯ ಅಥವಾ ತಾತನ ಹೆಸರಿನ ರಿವಾಲ್ವರ್ ಬೀರುವಿನಲ್ಲಿ ಉಳಿದಿದ್ದು ಪರವಾನಗಿದಾರರು ತೀರಿಕೊಂಡಿದ್ದರೆ, ಅದು ತಿಳಿದೂ ಇರಿಸಿಕೊಂಡ ಮಕ್ಕಳ ಸ್ವಾಧೀನ ಅಕ್ರಮವಾಗುತ್ತದೆ. ಕಾಯ್ದೆಯ 21ನೆಯ ಪ್ರಕರಣದಂತೆ ಅದನ್ನು ತಡಮಾಡದೆ ಸಮೀಪದ ಪೊಲೀಸ್ ಠಾಣೆಯಲ್ಲಿ ಅಥವಾ ಅಧಿಕೃತ ಮಾರಾಟಗಾರರಲ್ಲಿ ಠೇವಣಿ ಇಡಬೇಕು, ಬೇಕಿದ್ದರೆ ವಾರಸುದಾರರಾಗಿ ಪರವಾನಗಿಗೆ ಅರ್ಜಿ ಹಾಕಬೇಕು. ಪರವಾನಗಿದಾರರು ಬದುಕಿರುವಾಗಲೂ, 70 ವರ್ಷ ತುಂಬಿದರೆ ಅಥವಾ ಆಯುಧ ಹೊಂದಿ 25 ವರ್ಷವಾಗಿದ್ದರೆ, ಅದನ್ನು ವಾರಸುದಾರರಿಗೆ ವರ್ಗಾಯಿಸಲು 2016ರ ನಿಯಮಾವಳಿ ಅವಕಾಶ ನೀಡಿದೆ. ಅಂಥ ಆಯುಧವಿರುವ ಪ್ರತಿಯೊಂದು ಮನೆಯವರೂ ಪರವಾನಗಿ ಪುಸ್ತಕ ತೆಗೆದು ಅದರ ಅವಧಿಯನ್ನೂ ವಿಶಿಷ್ಟ ಗುರುತಿನ ಸಂಖ್ಯೆಯನ್ನೂ ಪರೀಕ್ಷಿಸಲಿ, ಗುಂಡುಗಳನ್ನು ಆಯುಧದಿಂದ ಬೇರೆಯಾಗಿ ಬೀಗದಲ್ಲಿಡಲಿ, ಇನ್ನು ಅಗತ್ಯವಿಲ್ಲವೆನಿಸಿದರೆ ಅದನ್ನು ಕಾನೂನಿನ ಕೈಗೆ ಒಪ್ಪಿಸಲಿ.